ರೀಜನ್ಸಿ ಕಾಲದ ಡಿನ್ನರ್ ಮತ್ತು ಟೀ: ಮನೆಯಲ್ಲೇ ಏರ್ಪಡಿಸುವುದು ಹೇಗೆ?

ರೀಜನ್ಸಿ ಕಾಲದ ಇಂಗ್ಲೆಂಡ್ ಅಂದರೆ ತುಂಬಾ ಜನರ ಕಣ್ಣಮುಂದೆ ಬರುವುದು ಸಾಯಂಕಾಲ ನಾಲ್ಕು ಗಂಟೆಯ ಟೀ. ಮೂರು ಅಂತಸ್ತಿನ ಸ್ಟ್ಯಾಂಡು, ಅದರ ತುಂಬ ಸ್ಕೋನ್ ಮತ್ತು ಸ್ಯಾಂಡ್‌ವಿಚ್, ಪಕ್ಕದಲ್ಲಿ ಅರ್ಲ್ ಗ್ರೇ ಟೀ. ಈಗ ನಡೆಯುವ ಎಷ್ಟೋ ಥೀಮ್ ಪಾರ್ಟಿಗಳೂ ಹೀಗೇ ಇರುತ್ತವೆ. ಆದರೆ ಈ ಪದ್ಧತಿ ಬೆಳೆದದ್ದು 1840ರ ದಶಕದಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ರೀಜನ್ಸಿ ಅದಕ್ಕಿಂತ ಹಿಂದಿನದು. ರಾಜ ಮೂರನೇ ಜಾರ್ಜ್ ಕಾಯಿಲೆಯಿಂದಾಗಿ ಆಳಲಾಗದೆ ಹೋದ. ಅವನ ಹೆಸರಿನಲ್ಲಿ ಮಗ ರೀಜೆಂಟ್ ಆಗಿ ಅಧಿಕಾರ ನಡೆಸಿದ. 1811ರ ಫೆಬ್ರವರಿಯಿಂದ 1820ರ ಜನವರಿವರೆಗಿನ ಆ ಒಂಬತ್ತು ವರ್ಷಗಳೇ ರೀಜನ್ಸಿ.

ಆಗ ಮನೆಗೆ ಕರೆದವರಿಗೆ ಟೀ ಕೊಡುತ್ತಿದ್ದುದು ಡಿನ್ನರ್ ಮುಗಿದ ಮೇಲೆ. ಡಿನ್ನರ್ ಅಂದರೆ ದಿನದ ದೊಡ್ಡ ಊಟ. ಆ ಊಟದಲ್ಲಿ ಪ್ರತಿಯೊಬ್ಬರಿಗೂ ಪಕ್ಕದಲ್ಲಿ ಕೂತವರನ್ನು ನೋಡಿಕೊಳ್ಳುವ ಕೆಲಸ ಇರುತ್ತಿತ್ತು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಉಡುಪು, ಟೋಪಿ, ರಿಬ್ಬನ್ ಇಲ್ಲದಿದ್ದರೂ ನಡೆಯುತ್ತದೆ. ಹೊತ್ತು ಸರಿಯಿರಬೇಕು, ಹಂಚಿಕೊಂಡು ತಿನ್ನುವ ರೀತಿ ಸರಿಯಿರಬೇಕು. ಎಂಟು ಜನರಿಗೆ ಇಂಥ ಒಂದು ಸಂಜೆಯನ್ನು ಏರ್ಪಡಿಸುವ ಕ್ರಮ ಇಲ್ಲಿದೆ.

1. ದಿನ ಮತ್ತು ಹೊತ್ತು ಗೊತ್ತುಮಾಡಿ

ಮೊದಲು ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ಯಾವತ್ತಿದೆ ನೋಡಿ. ಹಳ್ಳಿಗಾಡಿನ ರಸ್ತೆಗಳಲ್ಲಿ ಆಗ ದೀಪ ಇರಲಿಲ್ಲ. ಕುದುರೆಗಾಡಿಯಲ್ಲಿ ರಾತ್ರಿ ಮನೆಗೆ ಮರಳಬೇಕಾದವರಿಗೆ ಬೆಳದಿಂಗಳೇ ಗತಿ. ಅದಕ್ಕೇ ಜನ ಹುಣ್ಣಿಮೆಯ ಆಸುಪಾಸಿನಲ್ಲಿ ಊಟಕ್ಕೆ ಕರೆಯುತ್ತಿದ್ದರು. ನಮಗೆ ಈಗ ಅದು ಬೇಕಾಗಿಲ್ಲ, ಆದರೆ ಆಹ್ವಾನದಲ್ಲಿ ಈ ಕಾರಣವನ್ನು ಬರೆದರೆ ಬರುವವರಿಗೆ ಆ ಕಾಲ ಅಲ್ಲಿಂದಲೇ ಶುರುವಾಗುತ್ತದೆ.

ಇನ್ನು ಹೊತ್ತು. ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಬೆಳಗಿನ ತಿಂಡಿ ಹತ್ತು ಗಂಟೆ ಸುಮಾರಿಗೆ. ಅದಕ್ಕೂ ಮುಂಚೆ ಎದ್ದವರು ಕಾಗದ ಬರೆಯುತ್ತಿದ್ದರು, ವಾಕಿಂಗ್ ಹೋಗುತ್ತಿದ್ದರು. ತಿಂಡಿಗೆ ಟೋಸ್ಟ್, ಬನ್, ಬೆಣ್ಣೆ, ಕೇಕು. ಕುಡಿಯಲು ಟೀ, ಕಾಫಿ ಅಥವಾ ಬಿಸಿ ಚಾಕೊಲೇಟ್. ಅಲ್ಲಿಂದ ಡಿನ್ನರ್‌ವರೆಗೂ ಅವರ ಲೆಕ್ಕದಲ್ಲಿ ಬೆಳಗ್ಗೆಯೇ! ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಯಾರದೋ ಮನೆಗೆ ಹೋದರೂ ಅದು ಬೆಳಗಿನ ಭೇಟಿ ಅನ್ನಿಸಿಕೊಳ್ಳುತ್ತಿತ್ತು. ನಡುವೆ ಹಸಿವಾದರೆ ತಣ್ಣನೆಯ ಮಾಂಸ, ಬ್ರೆಡ್ಡು, ಹಣ್ಣು ಏನಾದರೂ ತಿನ್ನುತ್ತಿದ್ದರು. ನಮ್ಮ ಹಾಗೆ ನಿಗದಿತ ಮಧ್ಯಾಹ್ನದ ಊಟ ಇರಲಿಲ್ಲ.

ಡಿನ್ನರ್ ಹೊತ್ತು ಮನೆಮನೆಗೆ ಬೇರೆ. ಹೊತ್ತು ತಡವಾದಷ್ಟೂ ಫ್ಯಾಶನ್ ಜಾಸ್ತಿ ಎಂದರ್ಥ. ಕಾದಂಬರಿಗಾರ್ತಿ ಜೇನ್ ಆಸ್ಟಿನ್ 1798ರಲ್ಲಿ ಅಕ್ಕನಿಗೆ ಬರೆದ ಕಾಗದದಲ್ಲಿ ತಮ್ಮ ಮನೆಯಲ್ಲಿ ಡಿನ್ನರ್ ಮೂರೂವರೆಗೆ, ಟೀ ಆರೂವರೆಗೆ ಎಂದು ಹೇಳುತ್ತಾರೆ. ಹತ್ತು ವರ್ಷ ಕಳೆದು 1808ಕ್ಕೆ ಬಂದರೆ ಅದೇ ಮನೆಯವರ ಡಿನ್ನರ್ ಐದಕ್ಕೆ ಹೋಗಿದೆ. ಲಂಡನ್ನಿನ ಸಿರಿವಂತರು ಆರೂವರೆ, ಏಳರ ಹೊತ್ತಿಗೆ ಕೂರುತ್ತಿದ್ದರು. ಅತಿಥಿಗಳಿಗೆ ನೀವು ಆರು ಗಂಟೆಗೆ ಬನ್ನಿ ಅನ್ನಿ. ಆರೂವರೆಗೆ ಊಟ, ಒಂಬತ್ತಕ್ಕೆ ಟೀ. ಈ ಲೆಕ್ಕ ಆ ಕಾಲಕ್ಕೂ ಒಪ್ಪುತ್ತದೆ, ನಮ್ಮ ಹೊಟ್ಟೆಗೂ ಒಪ್ಪುತ್ತದೆ.

2. ಅಡುಗೆಯ ಪಟ್ಟಿ ಮಾಡಿ

ಪಟ್ಟಿ ಮಾಡುವ ಮುಂಚೆ ಒಂದು ವಿಷಯ ತಿಳಿದಿರಬೇಕು. ನಮ್ಮ ಪಂಕ್ತಿ ಊಟದಲ್ಲಿ ಬಡಿಸುವವರು ಪಲ್ಯ, ಕೋಸಂಬರಿ, ಸಾರು ಅಂತ ಒಂದೊಂದಾಗಿ ತಂದು ಎಲೆಗೆ ಹಾಕುತ್ತಾರೆ. ರೀಜನ್ಸಿ ಊಟದಲ್ಲಿ ಒಂದು ಸುತ್ತಿನ ಎಲ್ಲ ಪದಾರ್ಥವೂ ಅತಿಥಿಗಳು ಬರುವ ಮುಂಚೆಯೇ ಮೇಜಿನ ಮೇಲೆ ಕೂತಿರುತ್ತದೆ. ಇದನ್ನು ಫ್ರೆಂಚ್ ಶೈಲಿ ಅನ್ನುತ್ತಿದ್ದರು. ಈಗಿನ ಹೋಟೆಲುಗಳ ಹಾಗೆ ತಟ್ಟೆಗಳು ಒಂದರ ಹಿಂದೆ ಒಂದು ಬರುವ ರಷ್ಯನ್ ಶೈಲಿ ಇಂಗ್ಲೆಂಡಿನಲ್ಲಿ ರೂಢಿಗೆ ಬಂದದ್ದು ತುಂಬಾ ಆಮೇಲೆ.

ಸುತ್ತು ಎರಡು. ಮೊದಲನೆಯದರಲ್ಲಿ ಸೂಪು, ಮೀನು, ದೊಡ್ಡ ಮಾಂಸದ ತುಂಡು, ಸುತ್ತ ಸಣ್ಣ ಪದಾರ್ಥಗಳು. ಎಲ್ಲರೂ ಸೂಪು ಕುಡಿದಾದ ಮೇಲೆ ಆ ಪಾತ್ರೆ ತೆಗೆದು ಅದೇ ಜಾಗಕ್ಕೆ ಇನ್ನೊಂದನ್ನು ಇಡುತ್ತಾರೆ. ಎರಡನೆಯ ಸುತ್ತಿನಲ್ಲಿ ಹುರಿದ ಹಕ್ಕಿ, ತರಕಾರಿ, ಜೊತೆಗೇ ಪೈ, ಕಸ್ಟರ್ಡ್, ಜೆಲ್ಲಿ. ಸಿಹಿ, ಖಾರ ಎಲ್ಲ ಒಂದೇ ಮೇಜಿನಲ್ಲಿ. ಇದಾದ ಮೇಲೆ ಹಣ್ಣು ಮತ್ತು ಬೀಜಗಳ ಡೆಸರ್ಟ್.

ಎಷ್ಟು ಬಗೆ ಮಾಡಬೇಕು? ರೀಜೆಂಟ್ ರಾಜಕುಮಾರನ ಲೆಕ್ಕ ಹಿಡಿಯಬೇಡಿ. ಅವನು ಫ್ರಾನ್ಸಿನ ಹೆಸರಾಂತ ಬಾಣಸಿಗ ಕರೇಮ್‌ನನ್ನು 1816ರಲ್ಲಿ ಕರೆಸಿಕೊಂಡಿದ್ದ. 1817ರ ಜನವರಿಯಲ್ಲಿ ಬ್ರೈಟನ್ ಅರಮನೆಯಲ್ಲಿ ನಡೆದ ಒಂದು ಔತಣಕ್ಕೆ ಕರೇಮ್ ನೂರಕ್ಕೂ ಹೆಚ್ಚು ಬಗೆ ಮಾಡಿಸಿದ. ಆ ಅಡುಗೆಮನೆಯ ಎರಕದ ಕಬ್ಬಿಣದ ಕಂಬಗಳನ್ನು ತಾಳೆಮರದಂತೆ ರೂಪಿಸಿದ್ದಾರೆ, ಈಗಲೂ ಅಲ್ಲಿ ನೋಡಬಹುದು. ಸಾಧಾರಣ ಜಮೀನ್ದಾರರ ಮನೆಯಲ್ಲಿ ಒಂದು ಸುತ್ತಿಗೆ ಐದೋ ಏಳೋ ಬಗೆ ಸಾಕಾಗುತ್ತಿತ್ತು. ನಮ್ಮ ಎಂಟು ಜನರಿಗೆ ಐದೈದು ಸಾಕು.

ಸಸ್ಯಾಹಾರಿಗಳ ಮನೆಯಲ್ಲಿ ಇದೆಲ್ಲ ಆಗುತ್ತಾ ಅಂತ ಅನುಮಾನ ಬೇಡ. ಮಾಂಸವೇ ಆ ಊಟದ ಹೆಮ್ಮೆ ನಿಜ, ಆದರೆ ಬೇಕಾದಷ್ಟು ಬೇರೆ ಬಗೆಗಳೂ ಆ ಮೇಜಿನಲ್ಲಿದ್ದವು. ನಾನು ಶಿಫಾರಸು ಮಾಡುವ ಪಟ್ಟಿ ಇದು. ಮೊದಲ ಸುತ್ತಿಗೆ ಬಿಳಿ ಸೂಪು, ಚೀಸ್ ಹಾಕಿ ಬೇಯಿಸಿದ ಮ್ಯಾಕರೋನಿ, ಅಣಬೆಯ ಫ್ರಿಕಸೀ (ಬಿಳಿ ಸಾಸಿನಲ್ಲಿ ಬೇಯಿಸಿದ್ದು), ಮೇಲ್ಭಾಗ ಕೆಂಪಗೆ ಮಾಡಿದ ಆಲೂಗಡ್ಡೆ, ಅನ್ನದ ಜೊತೆ ಕರಿ. ಎರಡನೆಯದಕ್ಕೆ ಬೆಣ್ಣೆ ಹಾಕಿದ ಬೀನ್ಸ್, ಹೂಕೋಸು, ಸೇಬಿನ ಪೈ, ಟ್ರೈಫಲ್ (ಕೇಕು, ಕಸ್ಟರ್ಡ್, ಕೆನೆ ಪದರ ಪದರವಾಗಿ ಜೋಡಿಸಿದ ಸಿಹಿ), ನಿಂಬೆ ಜೆಲ್ಲಿ. ಜೆಲ್ಲಿಯನ್ನು ಅವರು ಕರುವಿನ ಕಾಲು ಬೇಯಿಸಿದ ನೀರಿನಿಂದಲೋ ಮೀನಿನ ಅಂಶದಿಂದಲೋ ಗಟ್ಟಿ ಮಾಡುತ್ತಿದ್ದರು. ನೀವು ಚೈನಾ ಗ್ರಾಸ್ ಬಳಸಿ.

ಕರಿ ನೋಡಿ ಆಶ್ಚರ್ಯ ಆಯಿತಾ? ಇದನ್ನು ನಮಗೋಸ್ಕರ ಸೇರಿಸಿದ್ದಲ್ಲ. ಲಂಡನ್ನಿನ ಹೇಮಾರ್ಕೆಟ್‌ನ ಒಂದು ಕಾಫಿ ಹೌಸ್‌ನಲ್ಲಿ 1773ರಲ್ಲೇ ಕರಿ ಸಿಗುತ್ತಿತ್ತು. ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ 1810ರಲ್ಲಿ ಪೋರ್ಟ್‌ಮನ್ ಸ್ಕ್ವೇರ್ ಹತ್ತಿರ ಹಿಂದೂಸ್ತಾನಿ ಕಾಫಿ ಹೌಸ್ ತೆರೆದರು. ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೆಲಸ ಮುಗಿಸಿ ಊರಿಗೆ ಮರಳಿದ್ದ ಬಿಳಿಯರಿಗೆ ಅಲ್ಲಿ ಊಟದ ಜೊತೆ ಹುಕ್ಕಾ ಕೂಡ ಇತ್ತು. ಎರಡೇ ವರ್ಷಕ್ಕೆ ಅವರು ದಿವಾಳಿಯಾದರು, ಆಮೇಲೆ ಬ್ರೈಟನ್‌ನಲ್ಲಿ ಸ್ನಾನಗೃಹ ನಡೆಸಿ ಹೆಸರು ಮಾಡಿದರು. ಆ ಕಾಲದ ಕರಿ ಪುಡಿಯಲ್ಲಿ ಇದ್ದದ್ದು ಅರಿಸಿನ, ಕೊತ್ತಂಬರಿ ಬೀಜ, ಶುಂಠಿ, ಮೆಣಸು, ಜೀರಿಗೆಯಂಥ ಸಾಮಾನು. ಕಾಳುಮೆಣಸು ನಮ್ಮ ಪಶ್ಚಿಮ ಕರಾವಳಿಯಿಂದಲೂ ಹಡಗು ಹತ್ತುತ್ತಿತ್ತು. ಒಗ್ಗರಣೆ, ಕರಿಬೇವು, ಕಾಯಿ ಹಾಕಬೇಡಿ. ಬೆಣ್ಣೆಯಲ್ಲಿ ಈರುಳ್ಳಿ ಹುರಿದು, ಪುಡಿ ಹಾಕಿ, ತರಕಾರಿ ಸೇರಿಸಿ, ಕೊನೆಗೆ ಕೆನೆ ಮತ್ತು ನಿಂಬೆರಸ ಹಾಕಿ. ನಮ್ಮ ನಾಲಿಗೆಗೆ ಸಪ್ಪೆ ಅನ್ನಿಸುತ್ತದೆ. ಹಾಗೇ ಇರಲಿ.

3. ಬಿಳಿ ಸೂಪು ಮಾಡುವ ವಿಧಾನ

ನೃತ್ಯಕೂಟಗಳ ನಡುರಾತ್ರಿಯ ಊಟಕ್ಕೂ, ದೊಡ್ಡ ಡಿನ್ನರ್‌ಗೂ ಈ ಸೂಪು ಬೇಕೇ ಬೇಕಿತ್ತು. ಮೂಲದಲ್ಲಿ ಕರುವಿನ ಮಾಂಸದ ರಸ ಇರುತ್ತಿತ್ತು. ತರಕಾರಿ ರಸದಲ್ಲೂ ರುಚಿ ಚೆನ್ನಾಗಿ ಬರುತ್ತದೆ, ಯಾಕಂದರೆ ಇದರ ಜೀವ ಇರುವುದು ಬಾದಾಮಿಯಲ್ಲಿ.

150 ಗ್ರಾಂ ಬಾದಾಮಿ ರಾತ್ರಿ ನೆನೆಸಿ, ಸಿಪ್ಪೆ ತೆಗೆದು ನುಣ್ಣಗೆ ರುಬ್ಬಿ. ಎರಡು ಈರುಳ್ಳಿ, ಸ್ವಲ್ಪ ಸೆಲರಿ, ಹತ್ತು ಕಾಳುಮೆಣಸು, ಒಂದು ಎಸಳು ಜಾಪತ್ರೆ ಹಾಕಿ ಒಂದೂವರೆ ಲೀಟರ್ ನೀರನ್ನು ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿಕೊಳ್ಳಿ. ಕ್ಯಾರೆಟ್ ಹಾಕಬೇಡಿ, ಬಣ್ಣ ಬಿಡುತ್ತದೆ. ಅಂಚು ಕತ್ತರಿಸಿದ ಎರಡು ಹೋಳು ಬಿಳಿ ಬ್ರೆಡ್ಡನ್ನೂ ರುಬ್ಬಿದ ಬಾದಾಮಿಯನ್ನೂ ಆ ರಸಕ್ಕೆ ಹಾಕಿ 20 ನಿಮಿಷ ಬೇಯಿಸಿ. ಬಟ್ಟೆಯಲ್ಲಿ ಹಿಂಡಿ ಸೋಸಿ. ಬಡಿಸುವ ಮುಂಚೆ 200 ಮಿಲಿ ಲೀಟರ್ ಕೆನೆ, ಉಪ್ಪು ಹಾಕಿ ಬಿಸಿ ಮಾಡಿ. ಕೆನೆ ಹಾಕಿದ ಮೇಲೆ ಕುದಿಯಲು ಬಿಡಬೇಡಿ, ಒಡೆಯುತ್ತದೆ.

4. ಮೇಜು ಜೋಡಿಸಿ

ನೆಲ ಮುಟ್ಟುವಂಥ ಬಿಳಿ ಬಟ್ಟೆ ಹಾಸಿ. ಈ ಬಟ್ಟೆಯನ್ನು ಡೆಸರ್ಟ್‌ಗೆ ಮುಂಚೆ ತೆಗೆಯಬೇಕಾಗುತ್ತದೆ, ಹಾಗಾಗಿ ಕೆಳಗಿನ ಮರ ಚೆನ್ನಾಗಿ ಒರೆಸಿ ಹೊಳೆಯುವಂತಿರಲಿ. ಪಾತ್ರೆಗಳ ಜೋಡಣೆಯಲ್ಲಿ ಎಡಬಲ ಸಮ ಇರಬೇಕು. ಒಂದು ತುದಿಗೆ ಸೂಪು, ಇನ್ನೊಂದು ತುದಿಗೆ ಮ್ಯಾಕರೋನಿ, ನಾಲ್ಕು ಮೂಲೆಗೆ ಒಂದೇ ಅಳತೆಯ ಬಟ್ಟಲುಗಳು. ಮೂರು ಬಗೆಗೆ ನಾಲ್ಕು ಮೂಲೆ ತುಂಬದಿದ್ದರೆ ಆಲೂಗಡ್ಡೆಯನ್ನು ಎರಡು ಬಟ್ಟಲಿಗೆ ಹಾಕಿ. ನಡುವೆ ಹಣ್ಣಿನ ಗೋಪುರ ಮಾಡಿ. ಅನಾನಸ್ ಇದ್ದರೆ ಅದನ್ನೇ ತುದಿಯಲ್ಲಿ ಕೂರಿಸಿ. ಇಂಗ್ಲೆಂಡಿನಲ್ಲಿ ಅದನ್ನು ಗಾಜಿನ ಮನೆಯೊಳಗೆ ಬಿಸಿ ಕೊಟ್ಟು ಬೆಳೆಸಬೇಕಿತ್ತು. ಅದು ಮೇಜಿನ ಮೇಲಿದ್ದರೆ ಮನೆಯವರು ತುಂಬಾ ಸ್ಥಿತಿವಂತರು ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಮಲೆನಾಡಿನ ಒಂದು ಅನಾನಸ್ ತಂದಿಟ್ಟರೆ ನಮಗೆ ಆ ವೈಭವ ಸುಲಭವಾಗಿ ಸಿಗುತ್ತದೆ.

ದೀಪ ಆರಿಸಿ ಮೇಣದಬತ್ತಿ ಹಚ್ಚಿ. ಶ್ರೀಮಂತರು ಜೇನುಮೇಣದ ಬತ್ತಿ ಹಚ್ಚುತ್ತಿದ್ದರು. ಉಳಿದವರು ಪ್ರಾಣಿಗಳ ಕೊಬ್ಬಿನ ಬತ್ತಿಯ ಹೊಗೆ, ವಾಸನೆ ಸಹಿಸಿಕೊಂಡೇ ಊಟ ಮಾಡುತ್ತಿದ್ದರು.

5. ಕೂರಿಸಿ, ಬಡಿಸಿಕೊಳ್ಳಲು ಬಿಡಿ

ಇಡೀ ಸಂಜೆಯ ಮುಖ್ಯ ಭಾಗ ಇದು. ಮನೆಯಾಕೆ ಒಂದು ತುದಿ, ಮನೆಯ ಯಜಮಾನ ಇನ್ನೊಂದು ತುದಿ. ಉಳಿದವರು ಗಂಡಸು, ಹೆಂಗಸು ಬೆರೆತು ಕೂರಲಿ. ಸೂಪನ್ನು ಮನೆಯಾಕೆಯೇ ಸೌಟಿನಲ್ಲಿ ತೆಗೆದು ತಟ್ಟೆಗೆ ಹಾಕಿ ದಾಟಿಸಬೇಕು. ಮಾಂಸ ಇದ್ದರೆ ಅದನ್ನು ಕತ್ತರಿಸುವ ಕೆಲಸ ಯಜಮಾನನದು. ಚೆನ್ನಾಗಿ ಕತ್ತರಿಸಲು ಬರುವುದು ಒಬ್ಬ ಸಭ್ಯ ಗೃಹಸ್ಥನಿಗೆ ಇರಬೇಕಾದ ವಿದ್ಯೆ ಅನ್ನಿಸಿಕೊಂಡಿತ್ತು.

ಉಳಿದ ಪದಾರ್ಥಗಳ ನಿಯಮ ಸುಲಭ. ನಿಮ್ಮ ಮುಂದೆ ಯಾವ ಬಟ್ಟಲು ಇದೆಯೋ ಅದನ್ನು ಬಡಿಸುವ ಜವಾಬ್ದಾರಿ ನಿಮ್ಮದು. ಗಂಡಸರು ಪಕ್ಕದಲ್ಲಿರುವ ಹೆಂಗಸಿಗೆ ಏನು ಬೇಕು ಅಂತ ಕೇಳಿ ಮೊದಲು ಅವರಿಗೆ ಹಾಕಬೇಕು. ಮೇಜಿನ ಆ ತುದಿಯಲ್ಲಿರುವುದು ಬೇಕಾದರೆ ಕೈ ಚಾಚುವಂತಿಲ್ಲ. ಅಲ್ಲಿ ಕೂತವರನ್ನು ಕೇಳಬೇಕು, ಇಲ್ಲವೇ ಕೆಲಸದವರ ಮೂಲಕ ತಟ್ಟೆ ಕಳಿಸಬೇಕು. ಎಲ್ಲರೂ ಎಲ್ಲವನ್ನೂ ತಿನ್ನಬೇಕೆಂದೇನೂ ಇಲ್ಲ, ಹತ್ತಿರ ಇರುವ ಎರಡು ಮೂರು ಬಗೆ ತಿಂದರೂ ಸಾಕು. ಇದನ್ನು ಅತಿಥಿಗಳಿಗೆ ಕೂರುವಾಗಲೇ ಹೇಳಿಬಿಡಿ. ಹತ್ತು ನಿಮಿಷದಲ್ಲಿ ಮೇಜಿನ ತುಂಬ ಮಾತು ಶುರುವಾಗುತ್ತದೆ. ಅಪರಿಚಿತರನ್ನು ಕರೆದಿದ್ದರಂತೂ ಇದಕ್ಕಿಂತ ಒಳ್ಳೆಯ ಪರಿಚಯದ ದಾರಿ ನನಗೆ ಗೊತ್ತಿಲ್ಲ.

ವೈನ್‌ಗೂ ಇಂಥದೇ ರೀತಿ ಇತ್ತು. ಊಟದ ನಡುವೆ ಒಬ್ಬರೇ ಸುಮ್ನೆ ಗ್ಲಾಸ್ ಎತ್ತಿ ಕುಡಿಯುವುದು ಚೆನ್ನಲ್ಲ. ಎದುರಿನ ಅಥವಾ ಪಕ್ಕದ ಒಬ್ಬರನ್ನು ನನ್ನ ಜೊತೆ ವೈನ್ ತಗೋತೀರಾ ಎಂದು ಕೇಳಬೇಕು. ಇಬ್ಬರ ಗ್ಲಾಸೂ ತುಂಬಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿ, ಸ್ವಲ್ಪ ತಲೆಬಾಗಿ ಕುಡಿಯಬೇಕು. ಕೇಳಿದಾಗ ಬೇಡ ಅನ್ನುವುದು ಅವಮಾನ. ದ್ರಾಕ್ಷಿ ರಸದಲ್ಲೂ ಇದನ್ನು ಮಾಡಬಹುದು. ಮಕ್ಕಳಿಗೆ ತುಂಬಾ ಖುಷಿ ಕೊಡುತ್ತದೆ.

ವೈನ್ ಇಡುವವರು ಶೆರ್ರಿ, ಮದೀರಾ, ಪೋರ್ಟ್ ಆರಿಸಿಕೊಳ್ಳಿ. 1703ರ ಒಪ್ಪಂದದಿಂದ ಪೋರ್ಚುಗಲ್ ವೈನಿಗೆ ಸುಂಕ ಕಡಿಮೆ ಇತ್ತು. ಜೊತೆಗೆ ಫ್ರಾನ್ಸಿನೊಂದಿಗೆ ವರ್ಷಗಟ್ಟಲೆ ಯುದ್ಧ. ಹಾಗಾಗಿ ಇಂಗ್ಲಿಷರ ಮನೆಗಳಲ್ಲಿ ಪೋರ್ಚುಗಲ್ಲಿನ ಪೋರ್ಟ್ ಮಾಮೂಲಾಯಿತು.

6. ಬಟ್ಟೆ ತೆಗೆದು ಡೆಸರ್ಟ್

ಎರಡನೆಯ ಸುತ್ತಿನ ಪಾತ್ರೆಗಳ ಜೊತೆ ಮೇಜಿನ ಬಟ್ಟೆಯನ್ನೂ ತೆಗೆಯಿರಿ. ಬರೀ ಮರದ ಮೇಲೆ ಬಾದಾಮಿ, ಅಕ್ರೋಟ್, ಒಣದ್ರಾಕ್ಷಿ, ಕಿತ್ತಳೆ, ಸೇಬು ಇಡಿ. ಐಸ್‌ಕ್ರೀಮ್ ಇಡಬಹುದು. ಲಂಡನ್ನಿನ ಬರ್ಕ್ಲಿ ಸ್ಕ್ವೇರ್‌ನಲ್ಲಿದ್ದ ಗಂಟರ್ಸ್ ಅಂಗಡಿ ಐಸ್‌ಗೆ ಹೆಸರುವಾಸಿಯಾಗಿತ್ತು. ಆ ಕಾಲದಲ್ಲಿ ಪಾರ್ಮಸಾನ್ ಚೀಸಿನ ಐಸ್, ಕಂದು ಬ್ರೆಡ್ಡಿನ ಐಸ್ ಕೂಡ ಮಾಡುತ್ತಿದ್ದರು. ನಿಂಬೆ ಐಸ್ ಸಾಕು.

ಒಂದಿಷ್ಟು ಹೊತ್ತಾದ ಮೇಲೆ ಮನೆಯಾಕೆ ಏಳುತ್ತಾಳೆ, ಅವಳ ಹಿಂದೆ ಎಲ್ಲ ಹೆಂಗಸರೂ ಡ್ರಾಯಿಂಗ್ ರೂಮಿಗೆ ಹೋಗುತ್ತಾರೆ. ಗಂಡಸರು ಪೋರ್ಟ್ ಕುಡಿಯುತ್ತಾ ಅಲ್ಲೇ ಉಳಿಯುತ್ತಾರೆ. ಈ ಭಾಗವನ್ನು ಮನೆಯಲ್ಲಿ ಅನುಸರಿಸಬೇಕು ಅಂತ ನಾನು ಹೇಳುವುದಿಲ್ಲ. ಎಲ್ಲರೂ ಒಟ್ಟಿಗೇ ಎದ್ದು ಹಾಲ್‌ಗೆ ಹೋಗಿ ಕೂರಿ.

7. ಟೀ

ಈಗ ಒಂಬತ್ತು ಗಂಟೆ. ಯಾವ ಟೀ ಅನ್ನುವುದು ಮೊದಲ ಪ್ರಶ್ನೆ. ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿ ಯಾವುದೂ ಆಗಲ್ಲ, ಭಾರತದಲ್ಲಿ ಬೆಳೆದ ಟೀ ಆಗಿನ್ನೂ ಲಂಡನ್ ಮಾರುಕಟ್ಟೆಗೆ ಬಂದಿರಲಿಲ್ಲ. ಅಸ್ಸಾಂ ಟೀ ಅಲ್ಲಿ ಮೊದಲ ಸಲ ಹರಾಜಾದದ್ದು 1839ರಲ್ಲಿ. ಅರ್ಲ್ ಗ್ರೇ ಕೂಡ ಆಮೇಲಿನದು. ಇಂಗ್ಲೆಂಡ್ ಕುಡಿದದ್ದೆಲ್ಲ ಚೀನಾದ ಟೀ. ಕ್ಯಾಂಟನ್ ಬಂದರಿನಿಂದ ಈಸ್ಟ್ ಇಂಡಿಯಾ ಕಂಪನಿ ಮಾತ್ರ ತರಬೇಕಿತ್ತು. ಆ ಏಕಸ್ವಾಮ್ಯ 1833ರವರೆಗೂ ಇತ್ತು. ಕಪ್ಪು ಟೀಯಲ್ಲಿ ಬೊಹಿಯಾ, ಕಾಂಗೂ, ಸೂಚಾಂಗ್, ಹಸಿರಿನಲ್ಲಿ ಹೈಸನ್, ಗನ್‌ಪೌಡರ್ ಆಗಿನ ಹೆಸರುಗಳು. ಈಗ ಅಂಗಡಿಯಲ್ಲಿ ಸಿಗುವ ಲ್ಯಾಪ್‌ಸಾಂಗ್ ಸೂಚಾಂಗ್ ಅಥವಾ ಗನ್‌ಪೌಡರ್ ಹಸಿರು ಟೀ ತನ್ನಿ.

ಟೀ ಮಾಡುವುದು ಮನೆಯಾಕೆಯ ಕೆಲಸ, ಕೆಲಸದವರದಲ್ಲ. ಟೀ ಎಲೆ ಬೆಲೆಬಾಳುವ ವಸ್ತು. 1784ರಲ್ಲಿ ಸುಂಕವನ್ನು ಶೇಕಡಾ 119ರಿಂದ 12.5ಕ್ಕೆ ಇಳಿಸಿದ್ದರು, ಆದರೆ ಯುದ್ಧದ ಖರ್ಚಿಗೆಂದು ಮತ್ತೆ ಏರಿಸುತ್ತಾ ಹೋದರು. ಹಾಗಾಗಿ ಟೀ ಡಬ್ಬಿಗೆ ಬೀಗ ಇರುತ್ತಿತ್ತು, ಕೀಲಿ ಮನೆಯಾಕೆಯ ಬಳಿ. ಆಸ್ಟಿನ್ ಮನೆಯಲ್ಲಿ ಬೆಳಗಿನ ತಿಂಡಿ ಮಾಡುವುದು, ಟೀ ಮತ್ತು ಸಕ್ಕರೆಯ ದಾಸ್ತಾನು ನೋಡಿಕೊಳ್ಳುವುದು ಜೇನ್ ಪಾಲಿಗೆ ಬಂದಿತ್ತು. ಇನ್ನು ಬಡವರ ಮನೆಯಲ್ಲಿ ಅದೇ ಎಲೆಗೆ ಮತ್ತೆ ಮತ್ತೆ ನೀರು ಹಾಕುತ್ತಿದ್ದರು. ಬೇರೆ ಗಿಡದ ಎಲೆಗೆ ಬಣ್ಣ ಕಟ್ಟಿ ಟೀ ಅಂತ ಮಾರುವವರೂ ಇದ್ದರು. ರಸಾಯನ ವಿಜ್ಞಾನಿ ಫ್ರೆಡರಿಕ್ ಆಕಮ್ 1820ರಲ್ಲಿ ಇಂಥ ಕಲಬೆರಕೆಗಳನ್ನು ಬಯಲಿಗೆಳೆದರು.

ಮಾಡುವ ಕ್ರಮ ಹೀಗೆ. ಕುದಿಯುವ ನೀರು ಇರುವ ಪಾತ್ರೆಯನ್ನು ಹಾಲ್‌ಗೇ ತಂದಿಡಿ. ಟೀ ಪಾಟ್‌ಗೆ ಸ್ವಲ್ಪ ಬಿಸಿನೀರು ಹಾಕಿ ಕುಲುಕಿ ಚೆಲ್ಲಿ. ಒಂದು ಕಪ್ಪಿಗೆ ಒಂದು ಚಮಚದ ಲೆಕ್ಕದಲ್ಲಿ ಎಲೆ ಹಾಕಿ, ನೀರು ಹೊಯ್ದು ನಾಲ್ಕು ನಿಮಿಷ ಮುಚ್ಚಿಡಿ. ಹಸಿರು ಟೀ ಆದರೆ ನೀರಿನ ಕುದಿ ಸ್ವಲ್ಪ ಆರಲಿ, ಎರಡು ನಿಮಿಷ ಸಾಕು. ಒಲೆಯ ಮೇಲೆ ಹಾಲಿನ ಜೊತೆ ಕುದಿಸುವ ನಮ್ಮ ಚಹಾ ಬೇರೆಯೇ, ಇಲ್ಲಿ ಹಾಗೆ ಮಾಡಬಾರದು. ಸಣ್ಣ ಕಪ್ಪುಗಳಿಗೆ ಹೊಯ್ದು, ಕೆನೆ ಮತ್ತು ಸಕ್ಕರೆ ಎಷ್ಟು ಬೇಕು ಅಂತ ಒಬ್ಬೊಬ್ಬರನ್ನೇ ಕೇಳಿ ಕೊಡಿ. ಪಕ್ಕದಲ್ಲಿ ಒಂದು ಖಾಲಿ ಬಟ್ಟಲು ಇಟ್ಟಿರಿ. ಕಪ್ಪಿನಲ್ಲಿ ಉಳಿದ ತಣ್ಣನೆಯ ಟೀ ಮತ್ತು ಎಲೆಯನ್ನು ಅದಕ್ಕೆ ಸುರಿದು ಮತ್ತೆ ತುಂಬಿಸಬೇಕು. ಸಾಸರಿಗೆ ಸುರಿದು ಕುಡಿಯುವುದನ್ನು ಆಗ ಶಿಷ್ಟರು ಬಿಡತೊಡಗಿದ್ದರು.

ಜೊತೆಗೆ ಸೀಡ್ ಕೇಕ್ ಕೊಡಿ. ಬೇಕಿಂಗ್ ಪೌಡರ್ 1843ರವರೆಗೆ ಇರಲಿಲ್ಲ, ಕೇಕು ಉಬ್ಬುವುದು ತೋಳಿನ ಬಲದಿಂದ. 225 ಗ್ರಾಂ ಬೆಣ್ಣೆ, ಅಷ್ಟೇ ಸಕ್ಕರೆ ಸೇರಿಸಿ ಬಿಳುಪಾಗಿ ಹಗುರಾಗುವ ತನಕ ಕಡೆಯಿರಿ. ನಾಲ್ಕು ಮೊಟ್ಟೆ ಒಂದೊಂದಾಗಿ ಹಾಕುತ್ತಾ ಮತ್ತೆ ಕಡೆಯಿರಿ. 225 ಗ್ರಾಂ ಮೈದಾ, ಎರಡು ಟೀ ಚಮಚ ಕ್ಯಾರವೇ ಬೀಜ ನಿಧಾನಕ್ಕೆ ಬೆರೆಸಿ. ಕ್ಯಾರವೇ ಸಿಗದಿದ್ದರೆ ಶಾಜೀರಿಗೆ ಅರ್ಧ ಅಳತೆ ಹಾಕಿ. 160 ಡಿಗ್ರಿಯಲ್ಲಿ ಒಂದು ಗಂಟೆ ಸುಮಾರು ಬೇಯಿಸಿ, ಕಡ್ಡಿ ಚುಚ್ಚಿ ನೋಡಿ. ಹಿಂದಿನ ದಿನವೇ ಮಾಡಿಟ್ಟರೆ ಘಮ ಇನ್ನೂ ಚೆನ್ನಾಗಿ ಹಿಡಿಯುತ್ತದೆ.

8. ಸಕ್ಕರೆ ಇಡುವ ಮುಂಚೆ

ಆಗ ಸಕ್ಕರೆ ಬರುತ್ತಿದ್ದುದು ಗಟ್ಟಿ ಶಂಕುವಿನ ಆಕಾರದಲ್ಲಿ, ನೀಲಿ ಕಾಗದ ಸುತ್ತಿ. ಇಕ್ಕಳದಂಥ ಸಾಧನದಿಂದ ಮುರಿದು ತುಂಡು ಮಾಡುತ್ತಿದ್ದರು. ಹಾಗಾಗಿ ನೀವು ಪುಡಿ ಸಕ್ಕರೆ ಬದಲು ಕಲ್ಲುಸಕ್ಕರೆಯ ಹರಳು ಅಥವಾ ಕ್ಯೂಬ್ ಇಡಿ.

ಈ ಸಕ್ಕರೆಯಲ್ಲಿ ಹೆಚ್ಚಿನದನ್ನು ಕೆರಿಬಿಯನ್ ದ್ವೀಪಗಳಲ್ಲಿ ಆಫ್ರಿಕಾದ ಗುಲಾಮರು ಬೆಳೆಯುತ್ತಿದ್ದರು. ಇದನ್ನು ಬಿಟ್ಟು ಆ ಕಾಲದ ಟೀ ಬಗ್ಗೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಇಂಗ್ಲೆಂಡಿನಲ್ಲೇ ಇದನ್ನು ವಿರೋಧಿಸಿದವರಿದ್ದರು. 1791ರಿಂದ ಸಾವಿರಾರು ಮನೆಗಳು ಆ ಸಕ್ಕರೆ ಕೊಳ್ಳುವುದನ್ನು ನಿಲ್ಲಿಸಿದವು. ಮನೆಗೆ ಏನು ಬರಬೇಕು ಅಂತ ತೀರ್ಮಾನಿಸುವ ಹೆಂಗಸರು ಇದರಲ್ಲಿ ಮುಂದಿದ್ದರು. ಅವರಿಗೆ ಮತದಾನದ ಹಕ್ಕು ಇರಲಿಲ್ಲ, ಆದರೆ ಸಕ್ಕರೆ ಬಟ್ಟಲು ಅವರ ಕೈಯಲ್ಲಿತ್ತು. ಗುಲಾಮರ ವ್ಯಾಪಾರ 1807ರಲ್ಲಿ ನಿಂತರೂ ಗುಲಾಮಗಿರಿ ನಿಂತಿರಲಿಲ್ಲ. 1820ರ ದಶಕದಲ್ಲಿ ಮತ್ತೆ ಚಳವಳಿ ಎದ್ದಾಗ, ಇದು ಗುಲಾಮರು ಬೆಳೆಯದ ಈಸ್ಟ್ ಇಂಡಿಯಾ ಸಕ್ಕರೆ ಎಂದು ಬಟ್ಟಲಿನ ಮೇಲೇ ಬರೆಸಿ ಮೇಜಿನ ಮೇಲಿಟ್ಟರು. ನೀವೂ ಒಂದು ಚೀಟಿಯಲ್ಲಿ ಬರೆದು ಬಟ್ಟಲಿಗೆ ಒರಗಿಸಿಡಿ. ಯಾರಾದರೂ ಕೇಳೇ ಕೇಳುತ್ತಾರೆ, ಆಗ ಹೇಳಿ.

9. ಕೊನೆಯ ಟ್ರೇ

ಟೀ ಆದ ಮೇಲೆ ಇಸ್ಪೀಟು, ಹಾಡು, ಓದು ಏನಾದರೂ ಇರಲಿ. ಹನ್ನೊಂದರ ಹೊತ್ತಿಗೆ ಒಂದು ಟ್ರೇಯಲ್ಲಿ ಬಿಸಿ ನೀಗಸ್ ತನ್ನಿ. ಒಂದು ಪಾಲು ಪೋರ್ಟ್‌ಗೆ ಎರಡು ಪಾಲು ಕುದಿಯುವ ನೀರು, ಸಕ್ಕರೆ, ನಿಂಬೆರಸ, ಮೇಲೆ ತುರಿದ ಜಾಯಿಕಾಯಿ. ಹದಿನೆಂಟನೇ ಶತಮಾನದ ಕರ್ನಲ್ ಫ್ರಾನ್ಸಿಸ್ ನೀಗಸ್ ಹೆಸರು ಇದಕ್ಕೆ ಬಂದಿದೆ. ನೃತ್ಯ ಮುಗಿಸಿ ಚಳಿಯಲ್ಲಿ ಗಾಡಿ ಹತ್ತುವ ಮುಂಚೆ ಇದನ್ನೇ ಕುಡಿಯುತ್ತಿದ್ದರು. ವೈನ್ ಕುಡಿಯದವರಿಗೆ ಆರ್ಜಾ ಇದೆ. ರುಬ್ಬಿದ ಬಾದಾಮಿಯ ಹಾಲು, ಸಕ್ಕರೆ, ಕಿತ್ತಳೆ ಹೂವಿನ ನೀರು ಸೇರಿಸಿ ಮಾಡುವ ತಂಪು ಪಾನೀಯ. ಸೂಪಿಗೆ ಬಾದಾಮಿ ನೆನೆಸುವಾಗಲೇ ಇದಕ್ಕೂ ನೂರು ಗ್ರಾಂ ಸೇರಿಸಿ ನೆನೆಸಿಟ್ಟರೆ ಕೆಲಸ ಸುಲಭ.

ಉಳಿದ ಕೇಕನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ನಾಲ್ಕೈದು ದಿನ ಬರುತ್ತದೆ. ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಟೀ ಜೊತೆ ತಿನ್ನಿ, ಆ ಕಾಲದ ತಿಂಡಿಯೂ ಅದೇ.